ಗೊಂಬೆಯ ಮುಂದೆ ಕ್ಯಾಮರಾ

1963ನೆಯ ಇಸವಿಯಲ್ಲಿ ಬಿ.ಬಿ.ಸಿ. ಸಂಸ್ಥೆಯ ವಿನ್ಯಾಸಕಾರರಾಗಿದ್ದ ರೇಮಂಡ್ ಕ್ಯುಸಿಕ್ ಎಂಬುವರು, ತಾವು ಕಲ್ಪಿಸಿದ್ದ ಯಂತ್ರರಾಕ್ಷಸನನ್ನು ನಿರ್ಮಿಸಿಕೊಡಬೇಕಾಗಿದ್ದ ಕುಶಲಿಯೊಬ್ಬರೊಡನೆ ಊಟಕ್ಕೆ ಕುಳಿತಿದ್ದರು. ಆ ರಾಕ್ಷಸನಿಗೆ ಕಾಲುಗಳಿಲ್ಲ; ನೆಲದ ಮೇಲೆ ಜಾರಿಕೊಂಡೇ ಚಲಿಸಬೇಕು. ಅದು ಹೇಗೆಂಬುದನ್ನು ತೋರಿಸಲು ಕ್ಯುಸಿಕ್‌ರವರು ಎದುರಿಗಿದ್ದ ಕಾಳುಮೆಣಸಿನ ಪುಡಿಯ ಡಬ್ಬಿಯನ್ನು ಹಿಡಿದು ಮೇಜಿನ ಮೇಲೆ ಅತ್ತಿಂದಿತ್ತ ಜಾರಿಸಿದರು. “ಡಾಕ್ಟರ್ ಹೂ” ಎಂಬ ಧಾರಾವಾಹಿಯಲ್ಲಿ ಅದೇ ವರ್ಷದ ಕೊನೆಗೆ ಇಂಗ್ಲೆಂಡಿನ ಮಕ್ಕಳನ್ನು ಸೋಫಾದ ಹಿಂದೆ ಅಡಗುವಂತೆ ಮಾಡಿದ ಡಾಲೆಕ್ ಎಂಬ ಭೂತವು ಹೀಗೆ ಊಟದ ಮೇಜಿನ ಮೇಲೆ ನಡೆಯಲು ಕಲಿತಿತು. ಅದರ ಕೈ ಏನೆಂದು ಕೇಳಿದರೆ ನಮ್ಮ ವಾಚಕರು ನಕ್ಕಾರು: ಪಾತ್ರೆ ತೊಳೆಯುವ ತೊಟ್ಟಿ ಕಟ್ಟಿಕೊಂಡಾಗ ನೀರು ಬಿಡಿಸಲು ಉಪಯೋಗಿಸುವ, ರಬ್ಬರ್ ಬಟ್ಟಲಿನ ಕೋಲು!

ಅಮೆರಿಕೆಯಲ್ಲಿಯೂ ಇದೇ ಕಥೆ. 1966ರ ಸೆಪ್ಟೆಂಬರ್ 8ರಂದು ಮೊದಲು ಪ್ರಸಾರವಾದ “ಸ್ಟಾರ್ ಟ್ರೆಕ್” ಕಂತಿನಲ್ಲಿ ಉಪ್ಪಿಗಾಗಿ ಹಪಹಪಿಸುವ ಒಂದು ಪ್ರಾಣಿ ಬರುತ್ತದೆ. ಅದಕ್ಕಾಗಿ ವಿಚಿತ್ರಾಕಾರದ ಉಪ್ಪಿನ ಡಬ್ಬಿಗಳನ್ನು ಅಂಗಡಿಯಿಂದ ಕೊಂಡುತಂದರು. ಆದರೆ ಅವು ಉಪ್ಪಿನ ಡಬ್ಬಿಗಳೆಂದು ನೋಡುವವರಿಗೆ ತಿಳಿಯಲಾರದೆಂದು ಕಂಡುದರಿಂದ ಕಥೆಗೆ ಸಾಮಾನ್ಯ ಡಬ್ಬಿಗಳನ್ನೇ ಇಟ್ಟು, ಈ ಹೊಸ ಡಬ್ಬಿಗಳನ್ನು ಹಡಗಿನ ವೈದ್ಯರ ಕೈಗೆ ಶಸ್ತ್ರಚಿಕಿತ್ಸೆಯ ಉಪಕರಣಗಳೆಂದು ಕೊಟ್ಟುಬಿಟ್ಟರು. ಇಪ್ಪತ್ತಮೂರನೆಯ ಶತಮಾನದ ವೈದ್ಯಶಾಸ್ತ್ರವೆಲ್ಲ ನಮ್ಮ ಸಪ್ಲೈಯರುಗಳು ದಿನವೂ ಒರೆಸಿಡುವ ಸಾಮಾನಿನಿಂದ ನಡೆಯಿತೆಂದ ಮೇಲೆ, ಈ ವಿದ್ಯೆ ನಮಗೆ ದೂರದ್ದೆಂದು ಹೇಳುವುದು ಹೇಗೆ?

ಇಷ್ಟು ಪೀಠಿಕೆಗೆ ಕಾರಣವಿದೆ. ಹಳೆಯ ವೈಜ್ಞಾನಿಕ ಧಾರಾವಾಹಿಗಳ ಪಾತ್ರಗಳನ್ನು ಹೋಲುವ ಕೀಲುಗೊಂಬೆಗಳನ್ನು ಕೊಂಡು, ಮೇಜಿನ ಮೇಲೆ ದೃಶ್ಯ ಹೂಡಿ, ಆ ಕಥೆಯ ಸನ್ನಿವೇಶಗಳನ್ನೇ ಮತ್ತೆ ಫೋಟೋ ತೆಗೆಯುವ ಹವ್ಯಾಸವೊಂದು ಜಗತ್ತಿನಲ್ಲೆಲ್ಲ ಹಬ್ಬಿದೆ. “ಆಕ್ಷನ್ ಫಿಗರ್” ಎಂದು ಆ ಗೊಂಬೆಗಳಿಗೆ ಹೆಸರು. ಗೊಂಬೆ ಎಂದರೆ ಗಂಡುಹುಡುಗರು ಮುಟ್ಟುವುದಿಲ್ಲವೆಂದು 1964ರಲ್ಲಿ ಅಮೆರಿಕೆಯ ಹಾಸ್‌ಬ್ರೋ ಕಂಪನಿಯವರು ತಮ್ಮ ಸಿಪಾಯಿಗೊಂಬೆಗೆ ಇಟ್ಟ ಹೆಸರು ಅದು. ಹೆಸರು ಬದಲಾದರೇನು, ಗೊಂಬೆ ಗೊಂಬೆಯೇ. 1974ರಲ್ಲಿ ಮೀಗೋ ಎಂಬ ಕಂಪನಿ ಸ್ಟಾರ್ ಟ್ರೆಕ್ ಪಾತ್ರಗಳನ್ನು ಎಂಟು ಅಂಗುಲದ ಗೊಂಬೆಗಳಾಗಿ ಮಾರಿತು. ಇಂದು ಮೊಣಕೈ, ಮಣಿಕಟ್ಟು, ಹಿಮ್ಮಡಿಗಳೂ ತಿರುಗುವಂಥವು ಸಿಗುತ್ತವೆ.

ನಮ್ಮಲ್ಲಿ ಐವತ್ತು ದಾಟಿದವರಿಗೆ ಆ ಧಾರಾವಾಹಿಗಳು ಅಪರಿಚಿತವಲ್ಲ. 1980ರ ದಶಕದ ಭಾನುವಾರಗಳ ಬೆಳಗಿನಲ್ಲಿ ದೂರದರ್ಶನವು ಸ್ಟಾರ್ ಟ್ರೆಕ್ಕನ್ನು ತೋರಿಸುತ್ತಿತ್ತು. ಮಾತು ತಿಳಿಯದಿದ್ದರೂ ಚೂಪುಕಿವಿಯ ಸ್ಪಾಕ್‌ನನ್ನು ಗುರುತು ಹಿಡಿಯದವರಿರಲಿಲ್ಲ.

ಮೂಲವೂ ಗೊಂಬೆಯೇ

ಗೊಂಬೆಯ ಫೋಟೋ ಎಂದರೆ ನಕಲಿನ ನಕಲೆಂದು ಮೂಗುಮುರಿಯುವವರಿಗೆ ನಾವು ಒಂದು ಮಾತು ಹೇಳಬಯಸುತ್ತೇವೆ. ಮೂಲದಲ್ಲಿ ಕಂಡದ್ದಾದರೂ ಏನು? ನಕ್ಷತ್ರಗಳ ನಡುವೆ ತೇಲುತ್ತಿದ್ದ ಎಂಟರ್‌ಪ್ರೈಸ್ ಎಂಬ ಆ ಮಹಾನೌಕೆಯು ಹೆಚ್ಚಾಗಿ ಮರದಲ್ಲಿ ಮಾಡಿದ, ಹನ್ನೊಂದಡಿಯಷ್ಟು ಉದ್ದದ ಒಂದು ಮಾದರಿ. ಅದನ್ನು ಈಗಲೂ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಿಮಾನ ಸಂಗ್ರಹಾಲಯದಲ್ಲಿ ಕಾಣಬಹುದು. ಪ್ರತಿವಾರ ಈ ನೌಕೆಯನ್ನು ಒಂದೊಂದು ಗ್ರಹದ ಮೇಲೆ ಇಳಿಸಿ ಚಿತ್ರಿಸುವ ಖರ್ಚನ್ನು ತಾಳಲಾರದೆ, ಮನುಷ್ಯರೇ ಮಿಂಚಿನಂತೆ ಕರಗಿ ಇನ್ನೊಂದೆಡೆ ಮೂಡುವ ಉಪಾಯವನ್ನು ಹೂಡಿದರು. ಆ ಮಿಂಚೂ ಅಷ್ಟೇ: ಅಲ್ಯೂಮಿನಿಯಂ ಪುಡಿಯನ್ನು ಬೆಳಕಿನ ಕಿರಣದಲ್ಲಿ ಉದುರಿಸಿ, ಕ್ಯಾಮರಾವನ್ನು ತಲೆಕೆಳಗೆ ಹಿಡಿದು ತೆಗೆದ ಚಿತ್ರ. ಕೈಯಲ್ಲಿ ಕಾಸಿಲ್ಲದಾಗ ಬುದ್ಧಿ ಓಡುತ್ತದೆಂಬುದು ಊರುಬಿಟ್ಟು ಬಂದ ನಮ್ಮವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಡಾಕ್ಟರ್ ಹೂ ತಂಡದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1967ರಲ್ಲಿ ಪ್ರಸಾರವಾದ “ದಿ ಈವಿಲ್ ಆಫ್ ದಿ ಡಾಲೆಕ್ಸ್” ಎಂಬ ಏಳು ಕಂತುಗಳ ಕಥೆಯ ಕೊನೆಯಲ್ಲಿ ಡಾಲೆಕ್‌ಗಳ ನಗರವೇ ಅಂತರ್ಯುದ್ಧದಲ್ಲಿ ನಾಶವಾಗುತ್ತದೆ. ಅಷ್ಟು ಡಾಲೆಕ್‌ಗಳನ್ನು ತಯಾರಿಸಲು ಹಣವೆಲ್ಲಿ? ಅಂಗಡಿಯಲ್ಲಿ ಮಕ್ಕಳಿಗೆಂದು ಮಾರುತ್ತಿದ್ದ ಪ್ಲಾಸ್ಟಿಕ್ ಡಾಲೆಕ್‌ಗಳನ್ನೇ ತಂದು ಮಾದರಿ ನಗರದಲ್ಲಿ ನಿಲ್ಲಿಸಿ ಸುಟ್ಟರು. ಈ ಕಥೆಯ ಪ್ರಸ್ತಾಪವನ್ನು ನಾವು ಮುಂದೆ ಮತ್ತೆ ಮಾಡಬೇಕಾಗಿದೆ.

ವಡಪಳನಿಯಲ್ಲಿ ದ್ವಾರಕೆ

ಲಂಡನ್ನಿನವರು ಇದನ್ನು ಮಾಡುವುದಕ್ಕೆ ಹತ್ತು ವರ್ಷ ಮುಂಚೆಯೇ ಇದೇ ಊರಿನಲ್ಲಿ, ನಾವು ದಿನವೂ ಬಸ್ಸಿನಲ್ಲಿ ಹಾದುಹೋಗುವ ವಡಪಳನಿಯಲ್ಲಿ, ಇದಕ್ಕಿಂತಲೂ ದೊಡ್ಡ ಗೊಂಬೆಯಾಟ ನಡೆಯಿತು. ವಿಜಯಾ-ವಾಹಿನಿ ಸ್ಟುಡಿಯೋದಲ್ಲಿ ಕೆ. ವಿ. ರೆಡ್ಡಿಯವರು ತೆಲುಗು ಮತ್ತು ತಮಿಳಿನಲ್ಲಿ ತಯಾರಿಸಿದ “ಮಾಯಾಬಜಾರ್” 1957ರಲ್ಲಿ ತೆರೆಗೆ ಬಂತು. ಅದರಲ್ಲಿ ಕಾಣುವ ದ್ವಾರಕಾನಗರವು ಐವತ್ತಡಿ ಅಗಲ, ಅರವತ್ತಡಿ ಉದ್ದದ ಜಾಗದಲ್ಲಿ ಜೋಡಿಸಿದ ಮುನ್ನೂರು ಪುಟ್ಟ ಮನೆಗಳು. ಕಲಾನಿರ್ದೇಶಕರಾದ ಗೋಖಲೆ ಮತ್ತು ಕಲಾಧರ್ ಅವರ ಕೈಗೆಲಸ. ಕ್ಯಾಮರಾ ಹಿಡಿದವರು ಮಾರ್ಕಸ್ ಬಾರ್ಟ್ಲಿ. ಮನೆಗಳಿಗೆ ದೀಪಗಳನ್ನೂ ಕೊಟ್ಟು, ಯಾದವರ ರಾಜಧಾನಿ ಸಂಜೆಯಲ್ಲಿ ಬೆಳಗುವಂತೆ ಮಾಡಿದರು. ಬಾರ್ಟ್ಲಿಯವರು ಬೆಳದಿಂಗಳನ್ನೇ ಕೃತಕವಾಗಿ ಸೃಷ್ಟಿಸಿದರೆಂದು ಇಂದಿಗೂ ಛಾಯಾಗ್ರಾಹಕರು ಕೊಂಡಾಡುತ್ತಾರೆ.

ಹೊಟೇಲಿನವರಿಗೆ ಆ ಚಿತ್ರದಲ್ಲಿ ಮೆಚ್ಚಿಗೆಯಾಗುವ ದೃಶ್ಯ ಬೇರೆ. ಮದುವೆಗೆಂದು ಅಟ್ಟಿಟ್ಟ ಭಕ್ಷ್ಯಗಳ ನಡುವೆ ಘಟೋತ್ಕಚನ ಪಾತ್ರದ ಎಸ್. ವಿ. ರಂಗರಾವ್ ಕುಳಿತಿರಲು, ಲಡ್ಡುಗಳು ತಾವಾಗಿಯೇ ಎದ್ದು ಅವನ ಬಾಯಿಗೆ ಹೋಗುತ್ತವೆ. ತಟ್ಟೆಗಳು ತಾವಾಗಿಯೇ ಓಡಾಡುತ್ತವೆ. ಸಪ್ಲೈಯರ್ ಇಲ್ಲದೆ ಪಂಕ್ತಿಯೇ ಮುಗಿದುಹೋದ ಈ ದೃಶ್ಯವನ್ನು ನೋಡಿ ನಮ್ಮ ಹೊಟೇಲುಗಳ ಧಣಿಗಳು ಏನೇನು ಯೋಚಿಸಿದರೋ! ಕೆಲಸಗಾರರಿಗಂತೂ ನಗು ಬಂದಿರಬೇಕು.

ಆ ಸ್ಟುಡಿಯೋದ ಜಾಗದಲ್ಲಿ ಈಗ ಆಸ್ಪತ್ರೆಯೂ ಮಾಲೂ ನಿಂತಿವೆ. ಮುನ್ನೂರು ಮನೆಗಳ ದ್ವಾರಕೆಯಲ್ಲಿ ಉಳಿದಿರುವುದು ಫಿಲ್ಮಿನ ಮೇಲಿರುವಷ್ಟೇ.

ಅರಸೀಕೆರೆಯ ಹೊಟೇಲಿನಿಂದ ಬಂದವರು

ಈ ವಿದ್ಯೆಯಲ್ಲಿ ನಮ್ಮವರೇ ಒಬ್ಬರು ಗುರುಸ್ಥಾನದಲ್ಲಿದ್ದರೆಂಬುದನ್ನು ಎಷ್ಟು ಮಂದಿ ಬಲ್ಲರು? ಬಿ. ವಿಠಲಾಚಾರ್ಯರು 1920ರಲ್ಲಿ ಉಡುಪಿಯ ಸಮೀಪದ ಉದ್ಯಾವರದಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಅರಸೀಕೆರೆಗೆ ಬಂದು, ಸಿಕ್ಕ ಕೆಲಸಗಳನ್ನೆಲ್ಲ ಮಾಡಿ, ಕೊನೆಗೆ ಬಂಧುಗಳಿಂದ ಒಂದು ಹೊಟೇಲನ್ನು ಕೊಂಡು ನಡೆಸಿದರು. ಇಲ್ಲಿಯವರೆಗಿನ ಕಥೆ ನಮ್ಮ ವಾಚಕರಲ್ಲಿ ಸಾವಿರ ಮಂದಿಯ ಕಥೆಯೇ. ಆಮೇಲೆ ಅವರು ಗೆಳೆಯರೊಡನೆ ಹಾಸನ ಸೀಮೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿದರು; ತಮ್ಮ ಡೇರೆಗೆ ಬಂದ ಚಿತ್ರಗಳನ್ನೆಲ್ಲ ತಪ್ಪದೆ ನೋಡಿದರು. ಅದೇ ಅವರ ವಿದ್ಯಾಲಯ. ಮುಂದೆ ಮೈಸೂರಿನಲ್ಲಿ ಡಿ. ಶಂಕರ್ ಸಿಂಗ್ ಅವರೊಂದಿಗೆ ಮಹಾತ್ಮ ಪಿಕ್ಚರ್ಸ್. ಆಮೇಲೆ ಮದರಾಸಿಗೆ ಬಂದು ತಮ್ಮದೇ ವಿಠಲ್ ಪ್ರೊಡಕ್ಷನ್ಸ್.

ಕನ್ನಡದಲ್ಲಿ “ಮನೆಗೆ ಬಂದ ಮಹಾಲಕ್ಷ್ಮಿ”ಯಂಥ ಚಿತ್ರವನ್ನು ಕೊಟ್ಟವರೇ ಆದರೂ ಅವರಿಗೆ ಹೆಸರು ತಂದುಕೊಟ್ಟದ್ದು ತೆಲುಗಿನ ಜಾನಪದ ಚಿತ್ರಗಳು. ಹಾರುವ ಕುದುರೆ, ಕುಣಿಯುವ ಎಲುಬುಗೂಡು, ಉದ್ದುದ್ದ ಕೈಚಾಚುವ ದೆವ್ವ, ಮನುಷ್ಯನು ಹಕ್ಕಿಯಾಗುವುದು, ಹಕ್ಕಿಯು ಮನುಷ್ಯನಾಗುವುದು. ಆಂಧ್ರರು ಅವರನ್ನು “ಜಾನಪದ ಬ್ರಹ್ಮ”ನೆಂದೇ ಕರೆದರು. 1978ರ “ಜಗನ್ಮೋಹಿನಿ” ತೆಲುಗಿನಲ್ಲಿ ಓಡಿ, ತಮಿಳಿಗೂ ಬಂದು ಇಲ್ಲಿಯ ಮಕ್ಕಳ ನಿದ್ದೆ ಕೆಡಿಸಿತು. ಕರೆದ ದಿನ ನಟನು ಬಾರದಿದ್ದರೆ ಆಚಾರ್ಯರು ಕಥೆಯಲ್ಲಿ ಅವನನ್ನು ಶಾಪಕ್ಕೆ ಗುರಿಮಾಡಿ ಗಿಳಿಯನ್ನೋ ಮೇಕೆಯನ್ನೋ ಮಾಡಿ ಚಿತ್ರವನ್ನು ಮುಗಿಸಿಬಿಡುತ್ತಿದ್ದರೆಂಬ ಮಾತು ಕೋಡಂಬಾಕ್ಕದಲ್ಲಿ ಈಗಲೂ ಉಂಟು. ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತು ಲೆಕ್ಕ ಕಲಿತವರಿಗೆ ಮಾತ್ರ ಹೊಳೆಯುವ ಉಪಾಯವಿದು. ಪಂಡಿತರು ಆ ಚಿತ್ರಗಳನ್ನು ಕೀಳೆಂದು ಕಂಡರು. ನಮ್ಮ ಅಭಿಪ್ರಾಯದಲ್ಲಿ ಅವರು ಆಚಾರ್ಯರಿಗೆ ಅನ್ಯಾಯ ಮಾಡಿದರು. ಕಡಿಮೆ ಹಣದಲ್ಲಿ, ಕಂಪ್ಯೂಟರಿಲ್ಲದ ಕಾಲದಲ್ಲಿ, ಸಾಮಾನ್ಯ ಜನರಿಗೆ ಅದ್ಭುತವನ್ನು ಕಾಣಿಸಿದ ಆ ಕೈಚಳಕವು ಸ್ಟಾರ್ ಟ್ರೆಕ್‌ನವರ ಕೈಚಳಕಕ್ಕಿಂತ ಯಾವ ವಿಧದಲ್ಲಿಯೂ ಕಡಿಮೆಯದಲ್ಲ. 1999ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ಕೋಣೆಯಲ್ಲಿ ಒಂದು ಗ್ರಹ

ಇನ್ನು ಈ ಕೆಲಸವನ್ನು ಮಾಡುವ ಬಗೆ. ಹೊಟೇಲಿನ ಮಹಡಿಯ ಮೇಲೆ ನಾಲ್ವರು ಮಲಗುವ ಕೋಣೆಯಲ್ಲಿಯೂ ಇದು ಸಾಧ್ಯ. ಒಂದು ಟ್ರಂಕಿನ ಮೇಲ್ಭಾಗದಷ್ಟು ಜಾಗ ಸಾಕು.

ಮೊದಲು ಅಳತೆ. ಗೊಂಬೆ ಆರಂಗುಲದ್ದಾದರೆ, ಆರಡಿಯ ಮನುಷ್ಯನಿಗೆ ಹೋಲಿಸಿ ಒಂದು ಅಂಗುಲವೆಂದರೆ ಒಂದು ಅಡಿಯೆಂದಾಯಿತು. ನಾಲ್ಕಂಗುಲದ ಕಾಫಿ ಲೋಟವನ್ನು ಬೋರಲು ಹಾಕಿದರೆ ನಾಲ್ಕಡಿಯ ಉಕ್ಕಿನ ಕಂಬ. ಇಡ್ಲಿತಟ್ಟೆ ನೌಕೆಯ ನೆಲ. ತೂತುಗಳ ಜಾಲರಿ ಸೌಟು ಹಿನ್ನೆಲೆಯ ಯಂತ್ರ. ರವೆಯು ಮರಳುಗಾಡು, ಮೈದಾ ಹಿಮ. ಚಿತ್ರದಲ್ಲಿ ಕಾಣುವ ಕಣವೊಂದು ಗೊಂಬೆಯ ಲೆಕ್ಕದಲ್ಲಿ ಎಷ್ಟು ದೊಡ್ಡದೆಂದು ಯೋಚಿಸಿಕೊಳ್ಳಬೇಕು. ದಪ್ಪ ರವೆ ಜಲ್ಲಿಕಲ್ಲಿನಂತೆ ಕಾಣುತ್ತದೆ; ಸಣ್ಣ ರವೆಯೇ ಲೇಸು. ಇನ್ನು ಅನ್ಯಗ್ರಹದ ಮಂಜಿಗೆ ಇಡ್ಲಿ ಪಾತ್ರೆಯ ಹಬೆಯನ್ನು ಮೀರಿದ್ದಿಲ್ಲ.

“ಎಂತದು ಮಾಣಿ, ಗೊಂಬೆಗೂ ಹಬೆ ಹಿಡಿಸ್ತೀಯಾ?” ಎಂದು ಅಡಿಗೆಯ ಭಟ್ಟರು ಕೇಳಿಯೇ ಕೇಳುತ್ತಾರೆ. “ಇಲ್ಲ ಭಟ್ರೇ, ಚಂದ್ರಲೋಕದಲ್ಲಿ ಮಂಜು ಬಿದ್ದಿದೆ” ಎಂದರೆ ಸಾಕು. ಆದರೆ ಚಂದ್ರನಲ್ಲಿ ಗಾಳಿಯಿಲ್ಲವಾದುದರಿಂದ ಮಂಜೂ ಇಲ್ಲವೆಂದು ಗುಮಾಸ್ತರಲ್ಲಿ ಯಾರಾದರೂ ತಿದ್ದದಿರಲಾರರು.

ಎರಡನೆಯದು ಕ್ಯಾಮರಾದ ಎತ್ತರ. ಹೊಸಬರ ಚಿತ್ರಗಳು ಕೆಡುವುದು ಇಲ್ಲಿಯೇ. ನಿಂತು ಕೆಳಗೆ ನೋಡಿ ತೆಗೆದ ಗೊಂಬೆ ಗೊಂಬೆಯಾಗಿಯೇ ಉಳಿಯುತ್ತದೆ. ನೆಲದ ಮೇಲೆ ಮಲಗಿ, ಲೆನ್ಸನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ತಂದ ಕ್ಷಣವೇ ಅದು ಮನುಷ್ಯನಾಗುತ್ತದೆ. ಇನ್ನೂ ಕೆಳಗಿಳಿಸಿ ಮೇಲಕ್ಕೆ ನೋಡಿದರೆ ಘಟೋತ್ಕಚನಾಗುತ್ತದೆ.

ಮೂರನೆಯದು ಸ್ಪಷ್ಟತೆಯ ಆಳ. ಲೆನ್ಸು ವಸ್ತುವಿಗೆ ಹತ್ತಿರವಾದಷ್ಟೂ ಹಿಂದುಮುಂದಿನದೆಲ್ಲ ಮಸುಕಾಗುತ್ತದೆ. ಆ ಮಸುಕೇ “ಇದು ಆಟಿಕೆ” ಎಂದು ಚಾಡಿ ಹೇಳುವುದು. ದೊಡ್ಡ ಕ್ಯಾಮರಾದವರು ಲೆನ್ಸಿನ ಕಂಡಿಯನ್ನು ಹನ್ನೊಂದು, ಹದಿನಾರರ ವರೆಗೆ ಕಿರಿದುಮಾಡಿ, ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ, ಹೆಚ್ಚುಹೊತ್ತು ಬೆಳಕು ಕೊಡಬೇಕಾಗುತ್ತದೆ. ಮೊಬೈಲಿನಲ್ಲಿ ತೆಗೆಯುವವರಿಗೆ ಇಲ್ಲಿ ಒಂದು ಅನುಕೂಲ: ಅದರೊಳಗಿನ ಸೆನ್ಸರ್ ಬಹಳ ಚಿಕ್ಕದಾದುದರಿಂದ ಆಳವು ತಾನಾಗಿಯೇ ಹೆಚ್ಚು. ಸ್ವಲ್ಪ ಹಿಂದೆ ಸರಿದು ತೆಗೆದು, ಬೇಡವಾದ ಅಂಚನ್ನು ಆಮೇಲೆ ಕತ್ತರಿಸಿದರೆ ಇನ್ನೂ ಒಳ್ಳೆಯದು. ಬೆಲೆಬಾಳುವ ಕ್ಯಾಮರಾ ಇಲ್ಲವೆಂದು ಕೊರಗಬೇಕಾಗಿಲ್ಲ.

ಬೆಳಕು ಒಂದೇ ಕಡೆಯಿಂದ ಬರಲಿ, ಆಕಾಶದಲ್ಲಿ ಸೂರ್ಯನೊಬ್ಬನೇ. ಕೋಣೆಯ ಟ್ಯೂಬ್‌ಲೈಟನ್ನು ಆರಿಸಿ ಒಂದು ಟಾರ್ಚು ಹಿಡಿದರೂ ನಡೆಯುತ್ತದೆ. ನೌಕೆಯ ಕಿಟಕಿಗಳಿಗೆ ಬೇಕಾದ ಸಾಸಿವೆಗಾತ್ರದ ದೀಪಗಳು, ತಂತಿ, ಬ್ಯಾಟರಿ, ಎಲ್ಲವೂ ಮೌಂಟ್ ರೋಡಿನ ಪಕ್ಕದ ರಿಚೀ ಸ್ಟ್ರೀಟಿನಲ್ಲಿ ದೊರೆಯುತ್ತವೆ. ಹಳೆಯ ಆಟಿಕೆಗಳಿಗೆ ಹಿಂದೆ ಮೂರ್ ಮಾರ್ಕೆಟ್ ಇತ್ತು; 1985ರ ಬೆಂಕಿಯಲ್ಲಿ ಅದು ಹೋಯಿತು.

ನಿಶ್ಚಲ ಚಿತ್ರ ಬಿಟ್ಟು ಚಲಿಸುವ ಚಿತ್ರ ತೆಗೆಯುವೆನೆನ್ನುವ ಸಾಹಸಿಗಳಿಗೆ ಒಂದು ಲೆಕ್ಕ. ಹದಿನಾರಡಿ ಎತ್ತರದ ಗೋಡೆಯಿಂದ ಬಿದ್ದ ಕಲ್ಲು ನೆಲ ಸೇರಲು ಒಂದು ಸೆಕೆಂಡು ಬೇಕು. ಅದೇ ಗೋಡೆಯ ಒಂದಡಿಯ ಮಾದರಿಯಿಂದ ಬಿದ್ದುದಕ್ಕೆ ಕಾಲು ಸೆಕೆಂಡು ಸಾಕು. ಆದುದರಿಂದ ಹದಿನಾರರಲ್ಲಿ ಒಂದರಷ್ಟು ಕಿರಿದಾದ ಮಾದರಿಯನ್ನು ನಾಲ್ಕರಷ್ಟು ವೇಗದಲ್ಲಿ, ಎಂದರೆ ಸೆಕೆಂಡಿಗೆ 24ರ ಬದಲು 96 ಚಿತ್ರಗಳಂತೆ ತೆಗೆದು, ಸಾಮಾನ್ಯ ವೇಗದಲ್ಲಿ ತೋರಿಸಬೇಕು. ಆಗ ಅದು ಭಾರವಾಗಿ ಬೀಳುತ್ತದೆ. ಅಳತೆಯ ವರ್ಗಮೂಲವೇ ವೇಗವೆಂದು ನೆನಪಿಟ್ಟರಾಯಿತು. ಸ್ಟುಡಿಯೋದವರ ಈ ರಹಸ್ಯ ಈಗ ಪ್ರತಿ ಮೊಬೈಲಿನಲ್ಲಿಯೂ “ಸ್ಲೋ ಮೋಷನ್” ಎಂಬ ಗುಂಡಿಯಾಗಿ ಕುಳಿತಿದೆ.

ಅಳಿಸಿಹೋದ ಕಥೆಗಳು

ಇಷ್ಟೆಲ್ಲ ಶ್ರಮ ಯಾತಕ್ಕೆ, ಮೂಲ ಧಾರಾವಾಹಿಯನ್ನೇ ನೋಡಬಾರದೆ ಎಂದು ಕೇಳುವುದು ಸಹಜ. ನೋಡಲು ಅದು ಇದ್ದರಲ್ಲವೆ?

ಬಿ.ಬಿ.ಸಿ.ಯವರು 1967ರಿಂದ 1978ರ ವರೆಗೆ ತಮ್ಮ ಹಳೆಯ ಟೇಪುಗಳನ್ನು ಅಳಿಸುತ್ತಲೂ ಫಿಲ್ಮುಗಳನ್ನು ಎಸೆಯುತ್ತಲೂ ಬಂದರು. ಟೇಪು ದುಬಾರಿ, ಇಡಲು ಜಾಗವಿಲ್ಲ, ಹಳೆಯದನ್ನು ಮತ್ತೆ ಯಾರು ನೋಡುತ್ತಾರೆಂಬ ವಾದ. ಡಾಕ್ಟರ್ ಹೂ ಧಾರಾವಾಹಿಯ ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಹೀಗೆ ಇಲ್ಲವಾದವು. ಆಟಿಕೆ ಡಾಲೆಕ್‌ಗಳ ಯುದ್ಧವಿದ್ದ ಕಥೆಯನ್ನು ಮೇಲೆ ಹೇಳಿದೆವಷ್ಟೆ. ಅದರ ಏಳು ಕಂತುಗಳಲ್ಲಿ ಉಳಿದಿರುವುದು ಎರಡನೆಯದೊಂದೇ.

ಆದರೆ ಧ್ವನಿ ಉಳಿಯಿತು. ಮನೆಯಲ್ಲಿ ಟೆಲಿವಿಷನ್ನಿನ ಮುಂದೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕುಳಿತ ಹುಡುಗರು ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯನ್ನೂ ಹಿಡಿದಿಟ್ಟಿದ್ದರು. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಟೆಲಿವಿಷನ್ ಪರದೆಗೆ ಕ್ಯಾಮರಾ ಗುರಿಯಿಟ್ಟು, ಕಾರ್ಯಕ್ರಮ ನಡೆಯುತ್ತಿದ್ದಂತೆಯೇ ಚಿತ್ರಗಳನ್ನು ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದರು. ಅದು ಅವರ ಹೊಟ್ಟೆಪಾಡು. ಎಷ್ಟೋ ಕಂತುಗಳಿಗೆ ಇಂದು ಆ ಅಂಗೈಯಗಲದ ಚಿತ್ರಗಳೇ ಗತಿ. ಈ ಧ್ವನಿ, ಈ ಚಿತ್ರ, ಇವೆರಡರ ನಡುವಿನ ತೆರಪನ್ನು ತುಂಬಲು ಅಭಿಮಾನಿಗಳು ಮಾದರಿಗಳನ್ನು ಕಟ್ಟಿದರು, ಬೊಂಬೆಗಳನ್ನು ನಿಲ್ಲಿಸಿದರು, ಚಿತ್ರ ಬರೆದರು. ಸಂಸ್ಥೆಯವರೇ ಅಳಿಸಿದ್ದನ್ನು ನೋಡುಗರು ಮೇಜಿನ ಮೇಲೆ ಮತ್ತೆ ಹೂಡುತ್ತಿದ್ದಾರೆ. ಇದನ್ನು ಮಕ್ಕಳಾಟವೆನ್ನಲು ನಮಗೆ ನಾಲಿಗೆ ಬಾರದು.

ನಮ್ಮ ಮನೆಯ ಸ್ಥಿತಿಯೂ ಭಿನ್ನವಲ್ಲ. ಈ ಊರಿನ ಪುರಸವಾಕ್ಕದಲ್ಲಿ ನಟರಾಜ ಮೊದಲಿಯಾರರು ತೆಗೆದ “ಕೀಚಕವಧಂ” ದಕ್ಷಿಣದೇಶದ ಮೊದಲ ಕಥಾಚಿತ್ರ, ಅದರ ಪ್ರತಿಯಿಲ್ಲ. ಕನ್ನಡದ ಮೊದಲ ವಾಕ್ಚಿತ್ರ, ಆರ್. ನಾಗೇಂದ್ರರಾಯರು ರಾವಣನಾಗಿ, ಸುಬ್ಬಯ್ಯನಾಯ್ಡು ಅವರು ಇಂದ್ರಜಿತುವಾಗಿ, ತ್ರಿಪುರಾಂಬಾ ಅವರು ಸುಲೋಚನೆಯಾಗಿ ಅಭಿನಯಿಸಿದ “ಸತಿ ಸುಲೋಚನಾ” 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಪ್ರತಿಯೂ ಇಲ್ಲ. ಕನ್ನಡಿಗರು ಕನ್ನಡ ಮಾತನ್ನು ತೆರೆಯ ಮೇಲೆ ಮೊದಲ ಬಾರಿ ಕೇಳಿದ ಆ ದೃಶ್ಯಗಳನ್ನು ಇನ್ನು ಯಾರೂ ನೋಡುವಂತಿಲ್ಲ.

ಬೊಂಬೆಗಳಿಗೆ ನಮ್ಮಲ್ಲಿ ಕೊರತೆಯೆ? ನವರಾತ್ರಿ ಬಂದರೆ ಮೈಲಾಪುರದ ಉತ್ತರ ಮಾಡಬೀದಿಯ ಉದ್ದಕ್ಕೂ ಅವೇ. ಮೆಟ್ಟಿಲುಗಳ ಕೆಳಗೆ ರೈಲು, ಕೆರೆ, ಮೃಗಾಲಯ ಹೂಡುವ ಪದ್ಧತಿ ಹಳೆಯದು. 2023ರ ಆಗಸ್ಟಿನಲ್ಲಿ ಚಂದ್ರಯಾನ-3 ಚಂದ್ರನ ಮೇಲಿಳಿದ ಮೇಲೆ ಆ ವರ್ಷದ ಕೊಲುವಿನಲ್ಲಿ ದೇವರ ಪಕ್ಕದಲ್ಲೇ ರಾಕೆಟ್ಟೂ ನಿಂತಿತು. ಹಬ್ಬ ಮುಗಿದ ಮೇಲೆ ಪೆಟ್ಟಿಗೆ ಸೇರುವ ಮೊದಲು ಆ ಬೊಂಬೆಗಳನ್ನು ಒಂದು ರಾತ್ರಿಯ ಮಟ್ಟಿಗೆ ಎರವಲು ಪಡೆದು, ಸುಲೋಚನೆಯ ಕಥೆಯ ಒಂದೆರಡು ದೃಶ್ಯಗಳನ್ನಾದರೂ ಹೂಡಿ ಫೋಟೋ ತೆಗೆಯುವ ಉತ್ಸಾಹಿಗಳು ನಮ್ಮ ತರುಣರಲ್ಲಿ ಇದ್ದಾರೆಂದು ನಾವು ಬಲ್ಲೆವು. ಹತ್ತು ತಲೆಯ ರಾವಣ ಉತ್ತರ ಮಾಡಬೀದಿಯಲ್ಲಿ ಸುಲಭವಾಗಿ ಸಿಗುತ್ತಾನೆ. ಇಂದ್ರಜಿತುವಿಗಾಗಿ ಸ್ವಲ್ಪ ಅಲೆಯಬೇಕಾದೀತು.